ಕ್ರೂಸ್ ಕಂಟ್ರೋಲ್ ತಾನಾಗೇ ಬಿಟ್ಟುಹೋಗುತ್ತದೆ, ರೇಡಿಯೋದಲ್ಲೂ ಗಲಾಟೆ

ಪ್ರಶ್ನೆ: ನಮಸ್ಕಾರ ಸರ್. ನಾನು ಡಾಲಸ್‌ನಲ್ಲಿದ್ದೇನೆ. 1994ರ ಪೆಟ್ರೋಲ್ ಕಾರು. 60 ಮೈಲಿಗೆ ಕ್ರೂಸ್ (ಆಕ್ಸಿಲರೇಟರ್ ಒತ್ತದೆಯೇ ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ) ಹಾಕಿದರೆ ಸ್ವಲ್ಪ ಹೊತ್ತಿಗೆ ಸ್ಪೀಡೋಮೀಟರ್ ಮುಳ್ಳು ಅದುರುತ್ತದೆ, ಕ್ರೂಸ್ ಬಿಟ್ಟುಹೋಗುತ್ತದೆ. ಹೋದ ತಿಂಗಳು ಸ್ಪಾರ್ಕ್ ಪ್ಲಗ್, ಪ್ಲಗ್ ವೈರ್ ಎರಡನ್ನೂ ನಾನೇ ಬದಲಾಯಿಸಿದ್ದೆ. ಗ್ಯಾರೇಜಿನವರು ಕ್ರೂಸ್ ಮಾಡ್ಯೂಲ್ (ಅದನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ ಅಂತಾರೆ. ಹೊಸದು ಹಾಕಿಸಲೇ?

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಈಗಲೇ ಬೇಡ. ಮುಳ್ಳೂ ಅದುರುತ್ತಿದೆ ಅಂದರೆ ಸ್ಪೀಡ್ ಸೆನ್ಸರ್‌ನಿಂದ ಬರುವ ಸಿಗ್ನಲ್ಲೇ ಕೆಟ್ಟಿರಬಹುದು. ಮಾಡ್ಯೂಲ್ ಆ ಸಿಗ್ನಲ್ಲಿನ ಪಲ್ಸ್‌ಗಳನ್ನು ಎಣಿಸಿ ವೇಗ ತಿಳಿಯುತ್ತದೆ. ಸ್ಪಾರ್ಕ್‌ನ ವಿದ್ಯುತ್ ಗದ್ದಲವೂ ಲೆಕ್ಕಕ್ಕೆ ಸೇರಿದರೆ, ವೇಗ ಒಮ್ಮೆಲೇ ಏರಿತು ಎಂದುಕೊಂಡು ಕೈಬಿಡುತ್ತದೆ. ಇದು ಸರಿಹೋಗುವವರೆಗೆ ಕ್ರೂಸ್ ಬಳಸಬೇಡಿ.

ಒಂದು ಪರೀಕ್ಷೆ ಮಾಡಿ, ಪೈಸೆ ಖರ್ಚಿಲ್ಲ. ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರಲಿ. ಎಎಂ ರೇಡಿಯೋವನ್ನು ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ತಿರುಗಿಸಿ, ಮೆಲ್ಲಗೆ ರೇಸ್ ಮಾಡಿ. ಏನು ಕೇಳಿಸುತ್ತದೆ?

ಪ್ರಶ್ನೆ: ಟಿಕ್ ಟಿಕ್ ಅಂತಿದೆ ಸರ್. ರೇಸ್ ಮಾಡಿದಷ್ಟೂ ಜೋರು.

ಉತ್ತರ: ಹಾಗಾದರೆ ಗದ್ದಲ ಇಗ್ನಿಷನ್ನಿನದು, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಭಾಗದ್ದು. ಕುಂಯ್ ಎಂದು ಎಳೆದಿದ್ದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಮೇಲೆ ಅನುಮಾನ ಪಡುತ್ತಿದ್ದೆ. ಪ್ಲಗ್ ಮೇಲೆ ಏನು ಬರೆದಿದೆ?

ಪ್ರಶ್ನೆ: ಬಿಪಿ6ಇಎಸ್.

ಉತ್ತರ: ನೋಡಿ, ಅಲ್ಲೇ ಇದೆ! ಬಿಪಿಆರ್6ಇಎಸ್ ಅಂದರೆ ಆ ಗದ್ದಲ ತಗ್ಗಿಸಲು ಒಳಗೆ ರೆಸಿಸ್ಟರ್ ಇರುವ ಪ್ಲಗ್. ನಿಮ್ಮದರಲ್ಲಿ ಆ 'ಆರ್' ಇಲ್ಲ. ಕಾರಿನ ಪುಸ್ತಕದಲ್ಲಿ ಯಾವುದು ಹೇಳಿದೆಯೋ ಅದನ್ನೇ ಹಾಕಿ. ಎಂಜಿನ್ ಆರಿಸಿ ಪ್ಲಗ್ ವೈರನ್ನೂ ಮೀಟರಿನಲ್ಲಿ ಅಳೆಯಿರಿ. ಕಾರ್ಬನ್ ವೈರಾದರೆ ಸಾವಿರಾರು ಓಮ್ ತೋರಿಸುತ್ತದೆ. ಸೊನ್ನೆಯ ಹತ್ತಿರ ಬಂದರೆ ಅದು ಬರೀ ತಾಮ್ರ, ತೆಗೆದುಬಿಡಿ. ಹೊಸದನ್ನು ಎಳೆಯುವಾಗ ಸೆನ್ಸರ್ ವೈರಿನ ಜೊತೆ ಕಟ್ಟಬೇಡಿ. ನೋಡೋಕೆ ನೀಟಾಗಿರಲಿ ಅಂತ ಎಲ್ಲವನ್ನೂ ಒಂದೇ ಕಟ್ಟು ಮಾಡ್ತಾರೆ, ಅಲ್ವಾ, ಅಲ್ಲೇ ಎಡವಟ್ಟು. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಎಂಜಿನ್‌ನಿಂದ ಕಾರಿನ ಬಾಡಿಯವರೆಗೆ ಹೋಗುವ ಅರ್ತ್ ಪಟ್ಟಿಯ ತುಕ್ಕನ್ನೂ ಉಜ್ಜಿ.

ಇನ್ನೊಬ್ಬ ಸದಸ್ಯರು: ನನ್ನ ಹಳೇ ಕಾರಲ್ಲಿ ಕ್ರೂಸ್ ಸೆಟ್ಟೇ ಆಗ್ತಿಲ್ಲ. ರೇಡಿಯೋ ಚೆನ್ನಾಗಿದೆ.

ಉತ್ತರ: ಬ್ರೇಕ್ ಲೈಟಿಗೆ ಎಲ್‌ಇಡಿ ಹಾಕಿದ್ದೀರಾ? ಕೆಲವು ಹಳೇ ಮಾಡ್ಯೂಲ್‌ಗಳು ಬಲ್ಬಿನೊಳಗಿನ ತಂತಿಯ (ಫಿಲಮೆಂಟ್) ಮೂಲಕವೇ ಅರ್ತ್ ಹುಡುಕುತ್ತವೆ. ಎಲ್‌ಇಡಿಯಲ್ಲಿ ಆ ದಾರಿ ಸಿಗುವುದಿಲ್ಲ. ಹಳೇ ಬಲ್ಬ್ ಹಾಕಿ ನೋಡಿ.

ಮೊದಲಿನ ಪ್ರಶ್ನೆಗಾರರು: ಪ್ಲಗ್, ವೈರ್ ಎರಡೂ ಬದಲಾಯಿಸಿದೆ ಸರ್. ನಿನ್ನೆ ಆಸ್ಟಿನ್‌ವರೆಗೆ ಹೋಗಿ ಬಂದೆ, ಮುಳ್ಳು ಅಲ್ಲಾಡಲಿಲ್ಲ.