ಸಹಾಯ ಬೇಕು: ಪಕ್ಕದ ಮನೆಯ ಅಜ್ಜಿಗೆ ಯೇಸುವಿನ ಪಟ ಕೊಡಬಹುದೇ?

ಎಲ್ಲರಿಗೂ ವಂದನೆಗಳು. ನಾನು ಮಂಡ್ಯದವನು. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಪಕ್ಕದ ಮನೆಯ ಅಜ್ಜಿ ನನ್ನನ್ನು ಮೊಮ್ಮಗನಂತೆ ನೋಡಿಕೊಂಡವರು. ಅಮ್ಮ ಆಸ್ಪತ್ರೆಯಲ್ಲಿದ್ದ ಇಡೀ ತಿಂಗಳು ನನಗೆ ಮುದ್ದೆ, ಸಾರು ಬಂದದ್ದು ಅವರ ಒಲೆಯಿಂದಲೇ.

ಅಜ್ಜಿ ಬನ್ನೂರು ತಳಿಯ ಕುರಿ ಸಾಕಿದವರು. ಹಾಗಾಗಿ ಕಳೆದ ವಾರ, ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕುತ್ತಾ ಹೊರಟವನ ಬಗ್ಗೆ ಯೇಸು ಹೇಳಿದ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಹೇಳಿದೆ. ಅವರು ಕಣ್ಣೊರೆಸಿಕೊಂಡು, "ಒಳ್ಳೆಯ ದೇವರು ಕಣಪ್ಪ. ಒಂದು ಪಟ ತಂದುಕೊಡು. ಚಾಮುಂಡವ್ವನ ಪಕ್ಕದಲ್ಲಿಟ್ಟು ದಿನವೂ ಹೂ ಮುಡಿಸುತ್ತೇನೆ" ಎಂದರು.

ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಕೊಟ್ಟರೆ ಯೇಸು ಹತ್ತು ದೇವರ ಜೊತೆಗೆ ಹನ್ನೊಂದನೆಯವನಾಗುತ್ತಾನೆ. ಕೊಡದಿದ್ದರೆ ಅಷ್ಟು ಪ್ರೀತಿಯಿಂದ ಚಾಚಿದ ಕೈಯನ್ನು ತಳ್ಳಿದಂತೆ. ನಮ್ಮ ಚರ್ಚಿನ ಸಭಾಪಾಲಕರು "ಬೇಡ" ಎಂದರು, ಆದರೆ ಅಜ್ಜಿಗೆ ಏನು ಹೇಳಬೇಕೆಂದು ತಿಳಿಸಲಿಲ್ಲ. ಗೆಳೆಯನೊಬ್ಬ "ಕೊಟ್ಟುಬಿಡು, ಮುಂದಿನದನ್ನು ದೇವರು ನೋಡಿಕೊಳ್ಳುತ್ತಾನೆ" ಎಂದ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 17ನೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ಗ್ರೀಸಿನ ಅಥೇನೆ (ಅಥೆನ್ಸ್) ಪಟ್ಟಣದ ತುಂಬ ವಿಗ್ರಹಗಳನ್ನು ಕಂಡು, ಯೇಸುವಿನ ವಿಷಯ ಸಾರುತ್ತಿದ್ದ ಅಪೊಸ್ತಲ ಪೌಲನ ಮನಸ್ಸು ಕುದಿಯಿತು. ಆದರೂ ಅವನು ಆ ಜನರನ್ನು ಹೀಯಾಳಿಸಲಿಲ್ಲ, ತಿಳಿಯದ ದೇವರಿಗೆಂದು ಅವರೇ ಕಟ್ಟಿದ್ದ ಬಲಿಪೀಠದಿಂದಲೇ ಮಾತು ತೆಗೆದ. ಹಾಗೆಂದು ಯೇಸುವನ್ನೂ ಆ ಸಾಲಿಗೆ ಸೇರಿಸಿಕೊಳ್ಳಿ ಎನ್ನಲೂ ಇಲ್ಲ. ಪಟದ ಬದಲು ಸುವಾರ್ತೆಯ ಪುಸ್ತಕ ಕೊಡೋಣವೆಂದರೆ ಅಜ್ಜಿಗೆ ಓದಲು ಬಾರದು.

ಭಾನುವಾರ ಪಟ ಬರುತ್ತದೆಂದು ಅವರು ಕಾಯುತ್ತಿದ್ದಾರೆ. ಇಂಥದ್ದನ್ನು ಎದುರಿಸಿದವರು ದಯವಿಟ್ಟು ಹೇಳಿ: ನೀವು ಪಟ ಕೊಟ್ಟಿರಾ? ಕೊಡದಿದ್ದರೆ, ಹಿರಿಯರ ಮನಸ್ಸು ನೋಯದಂತೆ ಯಾವ ಮಾತಿನಲ್ಲಿ ಕಾರಣ ತಿಳಿಸಿದಿರಿ?