ಅಜ್ಜನ ಜೀಪಿನ ಬ್ಲಾಕು: ಮನೆ ಗುಂಪಿನಲ್ಲಿ ಭಾನುವಾರದ ಚರ್ಚೆ

ದೊಡ್ಡಪ್ಪ: (ಫೋಟೋ) ಅಪ್ಪನ ಜೀಪಿನ ಇಂಜಿನ್ ಬ್ಲಾಕು, ಅದೇ ಇಂಜಿನ್ನಿನ ಎರಕದ ಮೈ. ಇವತ್ತು ಶೆಡ್ಡಿಂದ ಹೊರಗೆ ತೆಗೆಸಿದೆ. ಬೆಂಗಳೂರಿನವರೊಬ್ಬರು ಕೇಳ್ತಿದಾರೆ. 1941ರದ್ದು, ಯುದ್ಧಕಾಲದ್ದು ಅಂದೆ, ಒಳ್ಳೆ ರೇಟು ಹೇಳಿದಾರೆ. ಎಲ್ಲರೂ ಒಪ್ಪಿದ್ರೆ ಈ ವಾರ ಕಳಿಸಿಬಿಡ್ತೀನಿ.

ಅತ್ತೆ: ನಂದೇನೂ ಅಡ್ಡಿಯಿಲ್ಲ ಅಣ್ಣ.

ನಾನು: ದೊಡ್ಡಪ್ಪ, 1941 ಅಂತ ಹೇಗೆ ಗೊತ್ತಾಯ್ತು?

ದೊಡ್ಡಪ್ಪ: ಪಕ್ಕದಲ್ಲಿ ಉಬ್ಬಕ್ಷರ ಇದೆಯಲ್ಲ, 641087. ನಡುವೆ 41 ಕಾಣಲ್ವಾ? ಅಪ್ಪ ಮಿಲಿಟರಿ ಹರಾಜಲ್ಲಿ ತಂದ ಜೀಪು ಅದು.

ನಾನು: ಅದು ಇಸವಿ ಅಲ್ಲ ದೊಡ್ಡಪ್ಪ, ಎರಕದ ನಂಬರು. ಆ ಮಾದರಿಯಲ್ಲಿ ಎರಕ ಹೊಯ್ದ ಬ್ಲಾಕಿಗೆಲ್ಲ, ಯಾವ ವರ್ಷವಾದ್ರೂ, ಅದೇ ನಂಬರು ಬರುತ್ತೆ. ವಿಲ್ಲೀಸ್ ಕಂಪನಿ ಯುದ್ಧಕಾಲದಲ್ಲಿ ಮಿಲಿಟರಿಗೆ ಮಾಡಿದ ಜೀಪು ಎಂಬಿ, ಅದರ ಬ್ಲಾಕಿನ ಮೇಲೆ ಇರೋದು 638632. 641087 ಯುದ್ಧ ಮುಗಿದ ಮೇಲೆ ಬಂದಿದ್ದು.

ಅಣ್ಣ: ಇಂಜಿನ್ ಒಂದೇ ತಾನೆ ಮಾರಾಯ? ನಾಲ್ಕು ಸಿಲಿಂಡರು, 2.2 ಲೀಟರು. ಯುದ್ಧದ ಜೀಪಿಗೂ ಅದೇ, ಆಮೇಲಿಂದಕ್ಕೂ ಅದೇ. ಯಾರು ನೋಡ್ತಾರೆ ಅಷ್ಟೆಲ್ಲ?

ನಾನು: ಹಳೇ ಜೀಪು ಕಟ್ಟೋರು ಮೊದಲು ನೋಡೋದೇ ಅದನ್ನ. ಮುಂದಿನ ಕವರ್ ಬಿಚ್ಚಿದ್ರೆ ಸಾಕು. ವಾಲ್ವು ತೆರೆಸೋ ಶಾಫ್ಟನ್ನ ತಿರುಗಿಸೋಕೆ ಎಂಬಿಯಲ್ಲಿ ಚೈನು, ಯುದ್ಧ ಮುಗಿದ ಮೇಲೆ ಅದು ಗೇರಿಗೆ ಬದಲಾಯ್ತು. ಹಣ ಕೊಟ್ಟು ತಗೊಂಡು ಹೋಗಿ, ಬಿಚ್ಚಿದಾಗ ಗೇರು ಸಿಕ್ಕಿದ್ರೆ ಆ ಮನುಷ್ಯ ನಮ್ಮನೆ ಬಗ್ಗೆ ಏನಂದ್ಕೊಳ್ತಾನೆ ಅಣ್ಣ?

ದೊಡ್ಡಪ್ಪ, ಒಂದು ಕೆಲಸ ಮಾಡಿಸಿ. ಬ್ಲಾಕಿನ ಬಲಗಡೆ ಮುಂದೆ, ವಾಟರ್ ಪಂಪಿನ ಹಿಂದೆ, ಇಂಜಿನ್ ನಂಬರು ಹೊಡೆದಿರೋ ಸಣ್ಣ ಸಪಾಟು ಜಾಗ ಇರುತ್ತೆ. ಸೀಮೆಎಣ್ಣೆ ಹಾಕಿ ಕೈಯಲ್ಲೇ ಉಜ್ಜಿಸಿ, ಒಣಗಿದ ಮೇಲೆ ಚಾಕ್‌ಪೀಸ್ ತಿಕ್ಕಿ. ಪಂಚು ಹೊಡೆದ ಅಕ್ಷರದಲ್ಲಿ ಸುಣ್ಣ ಕೂತು ಓದೋಕೆ ಬರುತ್ತೆ. ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ. ಆ ಗುರುತು ಹೋದ್ರೆ ಮತ್ತೆ ಬರಲ್ಲ.

ಚಿಕ್ಕಪ್ಪ: ಇವನು ಹೇಳೋದು ಸರಿ ಇದೆ ಅಣ್ಣ. ಒಂದ್ಸಲ ನೋಡಿಸಿಬಿಡಿ.

ದೊಡ್ಡಪ್ಪ: (ಫೋಟೋ) ಉಜ್ಜಿಸಿದೆ. ಮೊದಲು 3, ಆಮೇಲೆ ಇಂಗ್ಲಿಷಿನ ಜೆ. ಮುಂದಿನ ಅಂಕಿ ತುಕ್ಕಲ್ಲಿ ಹೋಗಿದೆ.

ನಾನು: 3ಜೆ ಅಂದ್ರೆ ಸಿಜೆ-3ಎ ಇಂಜಿನ್ನು. ಸಿಜೆ ಅಂದ್ರೆ ಯುದ್ಧ ಮುಗಿದ ಮೇಲೆ ವಿಲ್ಲೀಸ್ ಸಾಮಾನ್ಯ ಜನಕ್ಕೆ ಅಂತ ಮಾಡಿದ ಜೀಪು. ಆ ಜೀಪು ಬಂದಿದ್ದು 1949ರಿಂದ 1953ರವರೆಗೆ. ಯುದ್ಧದ್ದಾಗಿದ್ರೆ ಅಲ್ಲಿ ಎಂಬಿ ಅಂತ ಇರ್ತಿತ್ತು, ಅದೇ ಜೀಪನ್ನ ಆಗ ಫೋರ್ಡ್ ಕಂಪನಿಯೂ ಮಾಡ್ತಿತ್ತು, ಅದಾದ್ರೆ ಜಿಪಿಡಬ್ಲ್ಯೂ.

ದೊಡ್ಡಪ್ಪ: ಅಂದ್ರೆ ಅಪ್ಪ ನಮಗೆ ಸುಳ್ಳು ಹೇಳಿದ್ರು ಅಂತೀಯಾ? ಹರಾಜಿನ ರಸೀದಿ ನಾನೇ ಕಣ್ಣಾರೆ ನೋಡಿದೀನಿ.

ನಾನು: ಇಲ್ಲ ದೊಡ್ಡಪ್ಪ, ಅಜ್ಜ ಹೇಳಿದ್ದು ನಿಜವೇ. ನನ್ನ ನಾಮಕರಣದ ಫೋಟೋದಲ್ಲಿ ಆ ಜೀಪಿದೆ, ಈಗ ದೊಡ್ಡದು ಮಾಡಿ ನೋಡ್ದೆ. ಮುಂದಿನ ಗ್ರಿಲ್ಲಲ್ಲಿ ಒಂಬತ್ತು ಸೀಳು ಇದೆ. ಸಿಜೆ ಆಗಿದ್ರೆ ಏಳು. ಹೆಡ್‌ಲೈಟು ಗ್ರಿಲ್ಲಿನ ಒಳಗೆ ಕೂತಿದೆ. ಹಿಂದೆ ಬಾಗಿಲೂ ಇರ್ಲಿಲ್ಲ, ನಾವೆಲ್ಲ ಹತ್ತಿ ದಾಟಿ ಒಳಗೆ ಬೀಳ್ತಿದ್ವಲ್ಲ? ಜೀಪು ಯುದ್ಧದ್ದೇ. ಬ್ಲಾಕು ಮಾತ್ರ ಬೇರೆ.

ಅತ್ತೆ: ಅಣ್ಣ, ನಾನು ಎಂಟನೇ ಕ್ಲಾಸಲ್ಲಿದ್ದಾಗ ಜೀಪು ಮಳೆಗಾಲ ಪೂರ್ತಿ ಶೆಡ್ಡಲ್ಲೇ ನಿಂತಿತ್ತು. ತುಕ್ಕು ಹಿಡಿದು ಇಂಜಿನ್ ತಿರುಗದ ಹಾಗೆ ಕಚ್ಚಿಕೊಂಡುಬಿಟ್ಟಿತ್ತು. ಆಮೇಲೆ ಹಾಸನದಿಂದ ಲಾರೀಲಿ ಒಂದು ಇಂಜಿನ್ ಬಂತು. ಆಳುಗಳು ಬಿದಿರು ಹಾಕಿ ಇಳಿಸಿದ್ರು. ನೀನು ಆಗ ಮೈಸೂರು ಹಾಸ್ಟೆಲಲ್ಲಿದ್ದೆ.

ದೊಡ್ಡಪ್ಪ: ಈ ಮಾತು ನನಗೆ ಯಾರೂ ಹೇಳಿರ್ಲಿಲ್ಲ.

ಅಣ್ಣ: ಈಗ ಅವರಿಗೆ ಏನು ಹೇಳೋದಪ್ಪ? ಅರ್ಧ ರೇಟೂ ಬರಲ್ಲ.

ದೊಡ್ಡಪ್ಪ: ಇದ್ದದ್ದು ಇದ್ದ ಹಾಗೆ ಹೇಳೋದು. ನಾನೇ ಫೋನ್ ಮಾಡ್ತೀನಿ. ಅಪ್ಪನ ಹೆಸರು ಹೇಳಿ ಮಾರ್ತಿರೋದು, ತಪ್ಪು ಇಸವಿ ಹೇಳೋಕಾಗಲ್ಲ.

ಚಿಕ್ಕಪ್ಪ: ಹಳೇ ಇಂಜಿನ್ ಏನಾಯ್ತು ಹಾಗಾದ್ರೆ?

ಅತ್ತೆ: ಅಪ್ಪ ಕಬ್ಬಿಣದ ಚೂರೂ ಗುಜರಿಗೆ ಹಾಕಿದವರಲ್ಲ. ಪಂಪ್‌ಹೌಸ್ ಹಿಂದೆ ಹಲಸಿನ ಬುಡದಲ್ಲಿ ಏನೋ ಒಂದು ದೊಡ್ಡದು ಅರ್ಧ ಹೂತು ಬಿದ್ದಿದೆ. ಅದರ ಮೇಲೆ ಕೂತು ನಾವು ಬಟ್ಟೆ ಒಗೀತಿದ್ವಿ.

ನಾನು: ದೊಡ್ಡಪ್ಪ, ದಯವಿಟ್ಟು ಗುದ್ದಲಿ ಜೋರಾಗಿ ಹಾಕಿಸಬೇಡಿ. ಬಲಗಡೆ ಮುಂದಿನ ಮೂಲೆ ಮೊದಲು ಬಿಡಿಸಿ.

ದೊಡ್ಡಪ್ಪ: ಟಾರ್ಚು, ಚಾಕ್‌ಪೀಸು ತಗೊಂಡು ಹೊರಟೆ.