ಸಂಡೇ ಸ್ಕೂಲಲ್ಲಿ ಬಾಯಿ ಜಾರಿತು, ಈಗ ಎಂತ ಮಾಡುದು?

ಕುಡ್ಲ_ಟೀಚರ್: ಮಂಗಳೂರಲ್ಲಿ ಚರ್ಚಿನ ಸಂಡೇ ಸ್ಕೂಲ್ ಕ್ಲಾಸ್ ತಗೊಳ್ತೇನೆ. ಕಳೆದ ವಾರ ಒಬ್ಬ ಹುಡುಗ ಬೈಬಲ್ ವಚನ ಬಾಯಿಪಾಠ ಮಾಡದೆ ಬಂದ, ನಾನು ಎಲ್ಲರೆದುರು "ನಿನ್ನ ತಲೆಗೆ ಎಂತದೂ ಹೋಗುದಿಲ್ಲ" ಅಂತ ಹೇಳಿಬಿಟ್ಟೆ, ಅವತ್ತಿನ ಪಾಠ ಯಾವುದು ಗೊತ್ತುಂಟಾ, ಬೈಬಲಲ್ಲಿ ಯಾಕೋಬ ಬರೆದ ಪತ್ರದ (ಯಾಕೋಬನ ಪತ್ರಿಕೆ) 3ನೇ ಅಧ್ಯಾಯ, ನಾಲಿಗೆ ಬಗ್ಗೆಯೇ! ಈ ವಾರ ಅವ ಬರ್ಲಿಲ್ಲ. ಕ್ಲಾಸ್ ಬಿಟ್ಟುಬಿಡುವ ಅಂತ ಅನಿಸ್ತದೆ.

ಮಲ್ಪೆಯವ: ಬಿಡುದೆಂತಕ್ಕೆ ಮಾರಾಯ್ರೆ. ಅದೇ ಅಧ್ಯಾಯದ 1ನೇ ವಚನದಲ್ಲಿ ಬೋಧಿಸುವವರಿಗೆ ಹೆಚ್ಚು ಕಠಿಣ ತೀರ್ಪು ಅಂತ ಉಂಟು ಸರಿ, ಆದ್ರೆ 2ನೇದರಲ್ಲೇ ನಾವೆಲ್ಲರೂ ತಪ್ಪುವವರು ಅಂತಲೂ ಉಂಟಲ್ಲ. ಚುಕ್ಕಾಣಿ ಸಣ್ಣದು, ಹಡಗು ದೊಡ್ಡದು, ನಾಲಿಗೆಯೂ ಹಾಗೆಯೇ ಅಂತಾನೆ ಯಾಕೋಬ, ನಮ್ಮ ಬಂದರಲ್ಲಿ ಬೋಟ್ ತಿರುಗಿಸುದು ನೋಡಿದವರಿಗೆ ಅದನ್ನ ಬೇರೆ ವಿವರಿಸುದು ಬೇಡ. ತಿರುಗಿದ ಬೋಟನ್ನ ವಾಪಸ್ ತಿರುಗಿಸ್ಲಿಕ್ಕೂ ಅದೇ ಚುಕ್ಕಾಣಿ.

ಉಡುಪಿ ಆಂಟಿ: ಬೈಬಲಲ್ಲಿ ಅಪೊಸ್ತಲರ ಕೃತ್ಯಗಳು ಪುಸ್ತಕದ 18ನೇ ಅಧ್ಯಾಯ ಓದಿ. ಅಪೊಲ್ಲೋಸ ಅಂತ ಒಬ್ಬ ಬೋಧಕ, ಒಳ್ಳೆ ಮಾತುಗಾರ, ಆದ್ರೆ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಅವನ ಮಾತು ಕೇಳಿದ ಪ್ರಿಸ್ಕಿಲ್ಲ, ಅಕ್ವಿಲ ಎಂಬ ಗಂಡ-ಹೆಂಡತಿ ಸಭೆಯಲ್ಲಿ ಎದ್ದು ನಿಂತು ಮಾನ ತೆಗಿಲಿಲ್ಲ, ಕರ್ಕೊಂಡು ಹೋಗಿ ಇನ್ನೂ ಸರಿಯಾಗಿ ತಿಳಿಸಿದ್ರು. ಕಲಿಸುದು ಅಂದ್ರೆ ಹಾಗೆ.

ಸುಮ್ನೆ_ಓದುಗ: ಆದ್ರೆ ಬೈದದ್ದು ಎಲ್ಲರೆದುರು ಅಲ್ವಾ, ಸಾರಿಯೂ ಎಲ್ಲರೆದುರೇ ಹೇಳ್ಬೇಕು. ಮತ್ತೆ ಈ ಬಾಯಿಪಾಠದ ಹುಚ್ಚು ಸ್ವಲ್ಪ ಕಡಿಮೆ ಮಾಡಿ, ಅರ್ಥ ಕೇಳಿದ್ರೆ ನಮ್ಮಲ್ಲಿ ದೊಡ್ಡವರೇ ತಡವರಿಸ್ತಾರೆ.

ಕುಡ್ಲ_ಟೀಚರ್: ಸಂಜೆ ಅವನ ಮನೆಗೆ ಹೋಗ್ತೇನೆ. ಜ್ವರ ಇತ್ತು ಅಂತ ಅವನಮ್ಮ ಹೇಳಿದ್ರು, ನನಗೆ ನಂಬಿಕೆ ಇಲ್ಲ.